ಜೀವರಸಾಯನ ವಿಜ್ಞಾನಿ ಡಾ. ಕಮಲಾ ಸೊಹೊನಿ ಮತ್ತು ನಮ್ಮ ಶಾಲೆಯ ಹೆಣ್ಣುಮಕ್ಕಳು

(ಸುವರ್ಣ ಮಹೋತ್ಸವದ ಎರಡನೆಯ ದಿನ ನಡೆದ ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಶಾಲೆಯ ಮೊದಲ ತಂಡದ ವಿದ್ಯಾರ್ಥಿನಿ, ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ಫೋನ್ ಮಾಡಿದಾಗ, ‘ಮೇಡಂ, ನೀವು ವಿಜ್ಞಾನದವರು, ಯಾರಾದರೂ ಒಬ್ಬ ವಿಜ್ಞಾನಿಯ ಬಗ್ಗೆ ಮಾತಾಡಿ, ಮಕ್ಕಳಿಗೆ ಸ್ಫೂರ್ತಿ ಆಗಬೇಕು’ ಅಂದರು. ಯಾರ ಬಗ್ಗೆ ಮಾತಾಡಲಿ ಎಂದು ನಾನು ಹೆಚ್ಚು ಯೋಚಿಸಲಿಲ್ಲ. ಸರ್ ಸಿ.ವಿ. ರಾಮನ್ ಅವರ ಫೋಟೋ ನಮ್ಮ ಶಾಲೆಯ ಗೋಡೆಯ ಮೇಲಿದೆ. ವಿಶ್ವೇಶ್ವರಯ್ಯನವರದೂ ಇದೆ. ಗೋಡೆಯ ಮೇಲೆ ಇಲ್ಲದ ಒಬ್ಬರ ಬಗ್ಗೆ ಮಾತಾಡೋಣ ಅನ್ನಿಸಿತು. ಅವರ ಹೆಸರು ಡಾ. ಕಮಲಾ ಸೊಹೊನಿ. ಮದುವೆಗೆ ಮುಂಚಿನ ಹೆಸರು ಕಮಲಾ ಭಾಗವತ್. ವಿಜ್ಞಾನದ ವಿಷಯದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಇವತ್ತು ಅವರನ್ನು ನೆನೆಯುತ್ತಾರೆ. ಅವರ ವಿಷಯ ಜೀವರಸಾಯನ ಶಾಸ್ತ್ರ, ಅಂದರೆ ಬಯೋಕೆಮಿಸ್ಟ್ರಿ. ಜೀವ ಇರುವ ದೇಹದೊಳಗೆ ನಡೆಯುವ ರಸಾಯನ ಕ್ರಿಯೆಗಳನ್ನು ತಿಳಿಯುವ ಶಾಸ್ತ್ರ ಅದು. ತಿಂದ ಮುದ್ದೆ ಹೇಗೆ ಶಕ್ತಿಯಾಗುತ್ತೆ, ಕುಡಿದ ಹಾಲು ಹೇಗೆ ಮಾಂಸವಾಗುತ್ತೆ ಎಂಬ ಪ್ರಶ್ನೆಗಳೆಲ್ಲ ಅದರೊಳಗೆ ಬರುತ್ತವೆ.

ಅವರ ಕಥೆಗೆ ಹೋಗುವ ಮೊದಲು ನಮ್ಮ ಕಥೆ ಎರಡು ಮಾತು ಹೇಳಬೇಕು. 1974ರ ಜೂನ್‌ನಲ್ಲಿ ಈ ಪ್ರೌಢಶಾಲೆ ಶುರುವಾದಾಗ ಈ ಕಟ್ಟಡ ಇರಲಿಲ್ಲ. ದೇವಸ್ಥಾನದ ಪಕ್ಕದ ಛತ್ರದಲ್ಲಿ ಎಂಟನೇ ತರಗತಿ ನಡೆಯುತ್ತಿತ್ತು. ಉತ್ಸವ ಬಂದರೆ ನಮಗೆ ರಜೆ. ಮದುವೆ ಬಂದರೆ ಮರದ ಕೆಳಗೆ ಪಾಠ. ತರಗತಿಯಲ್ಲಿ ನಾವು ಏಳು ಜನ ಹೆಣ್ಣುಮಕ್ಕಳು. ವಿಜ್ಞಾನದ ಸಾಮಾನೆಲ್ಲ ಒಂದು ಮರದ ಬೀರುವಿನಲ್ಲಿತ್ತು. ಅದಕ್ಕೆ ದೊಡ್ಡದೊಂದು ಬೀಗ. ವರ್ಷದಲ್ಲಿ ಮೂರೋ ನಾಲ್ಕೋ ಸಲ ಆ ಬೀಗ ತೆಗೆಯುತ್ತಿದ್ದರು. ಗಂಡುಹುಡುಗರು ಮೇಜಿನ ಸುತ್ತ ನಿಲ್ಲುತ್ತಿದ್ದರು. ನಮಗೆ ‘ಆಸಿಡ್ ಸಿಡಿಯುತ್ತೆ, ಹೆಣ್ಣುಮಕ್ಕಳು ಹಿಂದೆ ನಿಂತು ನೋಡ್ರಮ್ಮ’ ಅನ್ನುತ್ತಿದ್ದರು. ಹಿಂದೆ ನಿಂತರೆ ಕಾಣುತ್ತಿದ್ದದ್ದು ಹುಡುಗರ ಬೆನ್ನು ಮಾತ್ರ.

ಒಂಬತ್ತನೇ ತರಗತಿಗೆ ಬಂದ ಮೇಷ್ಟ್ರು ಒಬ್ಬರು ಇದನ್ನು ತಿರುವಿ ಹಾಕಿದರು. ಒಂದು ದಿನ, ‘ಇವತ್ತು ಹುಡುಗರು ಹಿಂದೆ ನಿಲ್ಲಲಿ’ ಅಂದು ನನ್ನ ಕೈಗೆ ಪ್ರನಾಳ ಕೊಟ್ಟರು. ಸತುವಿನ ಚೂರಿಗೆ ಆಸಿಡ್ ಬಿಟ್ಟಾಗ ಗುಳ್ಳೆ ಎದ್ದಿತು. ಬಾಯಿಗೆ ಉರಿಯುವ ಕಡ್ಡಿ ಹಿಡಿದಾಗ ‘ಪಟ್’ ಅಂತ ಸದ್ದಾಯಿತು. ನಾನು ಬೆಚ್ಚಿದರೂ ಪ್ರನಾಳ ಬಿಡಲಿಲ್ಲ. ಅವತ್ತು ಅದನ್ನು ಬಿಡದೆ ಹಿಡಿದದ್ದಕ್ಕೇ ನಾನು ಮೂವತ್ತೈದು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತಿಯಾದೆ ಎಂದು ನಂಬಿದ್ದೇನೆ. ಆ ಮೇಷ್ಟ್ರು ಇವತ್ತು ನಮ್ಮೊಂದಿಗಿಲ್ಲ. ಅವರಿಗೆ ಮೊದಲ ನಮಸ್ಕಾರ.

ಈಗ ಕಮಲಾ ಅವರ ವಿಷಯಕ್ಕೆ ಬರೋಣ.

ಅವರು ಹುಟ್ಟಿದ್ದು 1911ರ ಸುಮಾರಿಗೆ, ಇಂದೋರಿನಲ್ಲಿ. ಮನೆಮಾತು ಮರಾಠಿ. ಅಕ್ಕ ದುರ್ಗಾ ಭಾಗವತ್ ಮರಾಠಿಯ ದೊಡ್ಡ ಲೇಖಕಿ, ಜಾನಪದ ವಿದ್ವಾಂಸೆ. ತುರ್ತು ಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿ ಸೆರೆಮನೆಗೆ ಹೋದವರು. ಆ ಮನೆಯ ಹೆಣ್ಣುಮಕ್ಕಳಿಗೆ ತಲೆ ತಗ್ಗಿಸುವ ಅಭ್ಯಾಸ ಇರಲಿಲ್ಲ ಅನ್ನುವುದಕ್ಕೆ ಈ ಮಾತು ಹೇಳಿದೆ. ತಂದೆ ನಾರಾಯಣರಾವ್, ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರ ಓದಿದವರು. ಓದಿದ್ದು ಎಲ್ಲಿ? ನಮ್ಮ ಬೆಂಗಳೂರಿನಲ್ಲಿ. ಜಮ್‌ಶೇಟ್‌ಜಿ ಟಾಟಾ ಅವರ ಕನಸು, ಮೈಸೂರು ಅರಸರು ಕೊಟ್ಟ 371 ಎಕರೆ ಜಮೀನು, ಇವೆರಡೂ ಸೇರಿ 1909ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಬೆಂಗಳೂರಿನ ಹಳಬರು ಇವತ್ತಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತಾರೆ. ಅಲ್ಲಿ ಓದಿದ ಮೊದಮೊದಲ ವಿದ್ಯಾರ್ಥಿಗಳಲ್ಲಿ ಈ ಅಣ್ಣತಮ್ಮಂದಿರೂ ಇದ್ದರು. ಹಾಗಾಗಿ ಚಿಕ್ಕಂದಿನಿಂದ ಕಮಲಾ ಮನಸ್ಸಿನಲ್ಲಿ ಒಂದೇ ಗುರಿ: ಅಪ್ಪ ಓದಿದ ಕಡೆಗೇ ನಾನೂ ಹೋಗಬೇಕು.

1933ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾಲಯದಿಂದ ಬಿ.ಎಸ್‌ಸಿ. ಮುಗಿಸಿದರು. ಮುಖ್ಯ ವಿಷಯ ರಸಾಯನಶಾಸ್ತ್ರ, ಜೊತೆಗೆ ಭೌತಶಾಸ್ತ್ರ. ಇಡೀ ವಿಶ್ವವಿದ್ಯಾಲಯಕ್ಕೆ ಮೊದಲಿಗರು. ಬೆಂಗಳೂರಿನ ಸಂಸ್ಥೆಗೆ ಅರ್ಜಿ ಹಾಕಿದರು. ಅಂಕ ನೋಡಿದರೆ ಸೀಟು ಸಿಗದಿರಲು ಕಾರಣವೇ ಇರಲಿಲ್ಲ. ಆದರೂ ಸಿಗಲಿಲ್ಲ. ಕಾರಣ ಒಂದೇ, ಅರ್ಜಿ ಹಾಕಿದವಳು ಹೆಣ್ಣು.

ಆಗ ಸಂಸ್ಥೆಯ ನಿರ್ದೇಶಕರು ಯಾರು? ಅದೇ 1933ರಲ್ಲಿ ಅಧಿಕಾರ ವಹಿಸಿಕೊಂಡ ಸರ್ ಸಿ.ವಿ. ರಾಮನ್. ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರು. ಅದಕ್ಕೆ ಮೂರು ವರ್ಷ ಮುಂಚೆ, 1930ರಲ್ಲಿ, ನೊಬೆಲ್ ಬಹುಮಾನ ಪಡೆದಿದ್ದರು. ಪ್ರತಿ ವರ್ಷ ಫೆಬ್ರವರಿ 28ರಂದು ನಾವು ವಿಜ್ಞಾನ ದಿನ ಆಚರಿಸುವುದು ಅವರ ಸಂಶೋಧನೆಯ ನೆನಪಿಗೆ. ನಾನೂ ಎಷ್ಟೋ ವರ್ಷ ಆ ಫೋಟೋಕ್ಕೆ ಹಾರ ಹಾಕಿದ್ದೇನೆ, ಮುಂದೆಯೂ ಹಾಕುತ್ತೇನೆ. ಆದರೆ ಮಕ್ಕಳೇ, ದೊಡ್ಡವರನ್ನು ಗೌರವಿಸುವುದು ಅಂದರೆ ಅವರ ತಪ್ಪನ್ನು ಮುಚ್ಚಿಡುವುದು ಅಂತಲ್ಲ. ತಂದೆ, ಚಿಕ್ಕಪ್ಪ ಇಬ್ಬರೂ ಹೇಳಿ ನೋಡಿದರು. ಹೆಣ್ಣುಮಕ್ಕಳನ್ನು ತಮ್ಮ ಸಂಸ್ಥೆಗೆ ಸೇರಿಸಿಕೊಳ್ಳುವುದಿಲ್ಲ ಎಂದು ರಾಮನ್ ಖಡಾಖಂಡಿತವಾಗಿ ಹೇಳಿಬಿಟ್ಟರು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ನೊಬೆಲ್ ಪಡೆದವರು ‘ಆಗಲ್ಲ’ ಅಂದ ಮೇಲೆ ಯಾರು ಮಾತಾಡುತ್ತಾರೆ? ಆದರೆ ಕಮಲಾ ಮುಂಬಯಿಯಿಂದ ಹೊರಟು ಬೆಂಗಳೂರಿಗೆ ಬಂದರು. ನಿರ್ದೇಶಕರ ಕಚೇರಿಗೆ ಹೋಗಿ, ಸೀಟು ಯಾಕಿಲ್ಲ, ಕಾರಣ ಹೇಳಿ ಎಂದು ಕೇಳಿದರು. ಗಾಂಧೀಜಿಯವರನ್ನು ನೋಡಿ ಬೆಳೆದ ಪೀಳಿಗೆ ಅದು. ಸೀಟು ಕೊಡುವವರೆಗೆ ಸತ್ಯಾಗ್ರಹ ಮಾಡುತ್ತೇನೆ ಎಂದು ಕೂತರು. ಜಗಳ ಮಾಡಲಿಲ್ಲ, ಅಳಲಿಲ್ಲ. ಕೇಳಿದ್ದು ಒಂದೇ ಮಾತು: ನಾನು ಯಾವುದರಲ್ಲಿ ಕಡಿಮೆ?

ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತು ಹಾಕಿದರು. ಮೊದಲನೆಯದು, ಒಂದು ವರ್ಷ ಪ್ರೊಬೇಷನ್. ರೆಗ್ಯುಲರ್ ವಿದ್ಯಾರ್ಥಿ ಅಂತ ಲೆಕ್ಕವಿಲ್ಲ. ಎರಡನೆಯದು, ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಮೂರನೆಯದನ್ನು ಕೇಳಿ: ಪ್ರಯೋಗಾಲಯದ ವಾತಾವರಣ ಕೆಡಿಸಬಾರದು. ಅಂದರೆ, ಅಲ್ಲಿರುವ ಗಂಡಸರ ಗಮನ ಕೆಟ್ಟರೆ ಅದಕ್ಕೆ ಇವಳೇ ಹೊಣೆ! ಈ ಮೂರನೆಯ ಷರತ್ತು ನಮ್ಮೂರಿನಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ ಅಲ್ಲವೇ? ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಶಿಳ್ಳೆ ಹೊಡೆದರೆ ಮನೆಯಲ್ಲಿ ಕೂರುವುದು ಹುಡುಗಿ.

ಆ ಅವಮಾನವನ್ನು ಕಮಲಾ ಮರೆಯಲಿಲ್ಲ. ಅರವತ್ತು ವರ್ಷದ ಮೇಲೆ, ಮುಪ್ಪಿನಲ್ಲಿ, ಮಹಿಳಾ ವಿಜ್ಞಾನಿಗಳ ಸಭೆಯೊಂದರಲ್ಲಿ ಅದನ್ನು ನೆನೆದರು. ರಾಮನ್ ದೊಡ್ಡ ವಿಜ್ಞಾನಿ, ಆದರೆ ಈ ವಿಷಯದಲ್ಲಿ ಅವರ ಮನಸ್ಸು ಸಣ್ಣದಾಗಿತ್ತು ಅನ್ನುವ ಅರ್ಥದಲ್ಲಿ ನೊಂದು ಮಾತಾಡಿದರು. ಆದರೂ 1933ರಲ್ಲಿ ಷರತ್ತಿಗೆ ಒಪ್ಪಿದರು. ಒಳಗೆ ಹೋಗದೆ ಬಾಗಿಲು ಅಗಲ ಮಾಡುವುದಕ್ಕೆ ಆಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು ಅಂತ ಕಾಣುತ್ತದೆ.

ಅವರಿಗೆ ಸಿಕ್ಕ ಮಾರ್ಗದರ್ಶಕರು ಎಂ. ಶ್ರೀನಿವಾಸಯ್ಯ. ಬಹಳ ಕಟ್ಟುನಿಟ್ಟು. ಆದರೆ ಕಲಿಯುವ ಹಂಬಲ ಇದ್ದವರಿಗೆ ಕೈಬಿಚ್ಚಿ ಕಲಿಸುವವರು. ಬೆಳಗಿನ ಜಾವ ಐದಕ್ಕೆ ಶುರುವಾದರೆ ಕೆಲಸ ರಾತ್ರಿ ಹತ್ತರವರೆಗೆ. ಕೆಲಸ ಏನು? ಹಾಲಿನಲ್ಲಿ, ಬೇಳೆಕಾಳುಗಳಲ್ಲಿ ಇರುವ ಪ್ರೋಟೀನುಗಳ ಅಧ್ಯಯನ. ಮಾಂಸ ತಿನ್ನದ, ತಿನ್ನುವ ಶಕ್ತಿಯೂ ಇಲ್ಲದ ಕೋಟಿಗಟ್ಟಲೆ ಜನ ಇರುವ ನಾಡಿನಲ್ಲಿ ಮಕ್ಕಳ ಮೈಗೆ ಪ್ರೋಟೀನ್ ಬರುವುದು ಇವುಗಳಿಂದಲೇ. ಬಡವರ ತಟ್ಟೆಯಲ್ಲಿರುವುದನ್ನು ಅವರು ಪ್ರನಾಳಕ್ಕೆ ಹಾಕಿದರು. ಜೀವಮಾನವಿಡೀ ಆ ತಟ್ಟೆಯನ್ನು ಬಿಟ್ಟು ಅವರು ಬಹಳ ದೂರ ಹೋಗಲಿಲ್ಲ.

ವರ್ಷ ಮುಗಿಯಿತು. ಕೆಲಸ ನೋಡಿ ರಾಮನ್ ಒಪ್ಪಿಕೊಂಡರು. ಕಮಲಾ ರೆಗ್ಯುಲರ್ ವಿದ್ಯಾರ್ಥಿನಿಯಾದರು, 1936ರಲ್ಲಿ ಎಂ.ಎಸ್‌ಸಿ. ಪದವಿ ಬಂತು. ಅದಕ್ಕಿಂತ ದೊಡ್ಡದು ಇನ್ನೊಂದಾಯಿತು. ಆ ಮೇಲೆ ಹೆಣ್ಣುಮಕ್ಕಳಿಗೆ ಸಂಸ್ಥೆಯ ಬಾಗಿಲು ತೆರೆಯಿತು. 1940ರಲ್ಲಿ ಅಣ್ಣಾ ಮಣಿ ಎಂಬ ಹುಡುಗಿ ರಾಮನ್ ಅವರ ಸ್ವಂತ ಪ್ರಯೋಗಾಲಯಕ್ಕೇ ಸೇರಿದರು; ಮುಂದೆ ಅವರು ದೇಶದ ದೊಡ್ಡ ಹವಾಮಾನ ವಿಜ್ಞಾನಿಯಾದರು. ನಮ್ಮ ಮೈಸೂರು ಸೀಮೆಯ ರಾಜೇಶ್ವರಿ ಚಟರ್ಜಿ ಅದೇ ಸಂಸ್ಥೆಗೆ ಸೇರಿ, ಮೈಕ್ರೋವೇವ್ ಎಂಜಿನಿಯರಿಂಗ್‌ನಲ್ಲಿ ಕೆಲಸ ಮಾಡಿ, ಅಲ್ಲೇ ಪ್ರಾಧ್ಯಾಪಕಿಯಾದರು. ಒಬ್ಬ ಹುಡುಗಿ ಹಟ ಹಿಡಿದು ಕೂತದ್ದಕ್ಕೆ ಹಿಂದೆ ಬಂದ ಎಷ್ಟೋ ಜನರಿಗೆ ಕೂರುವ ಕೆಲಸ ಉಳಿಯಿತು.

ಮುಂದೆ ಇಂಗ್ಲೆಂಡಿನ ಕೇಂಬ್ರಿಡ್ಜ್. ಕಮಲಾ ಹೋದದ್ದು 1937ರಲ್ಲಿ. ಜೀವರಸಾಯನ ವಿಭಾಗದ ಮುಖ್ಯಸ್ಥರು ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್. ವಿಟಮಿನ್‌ಗಳ ವಿಷಯದ ಕೆಲಸಕ್ಕೆ 1929ರಲ್ಲಿ ನೊಬೆಲ್ ಪಡೆದವರು. ಪ್ರಯೋಗಾಲಯದಲ್ಲಿ ಜಾಗ ತುಂಬಿತ್ತು. ಆಗ ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿ, ಹಗಲು ನನ್ನ ಮೇಜಿನ ಮೇಲೆ ನೀವು ಕೆಲಸ ಮಾಡಿ, ರಾತ್ರಿ ನಾನು ಮಾಡುತ್ತೇನೆ ಎಂದು ತಮ್ಮ ಜಾಗವನ್ನೇ ಹಂಚಿಕೊಂಡರು. ಬೆಂಗಳೂರಿನಲ್ಲಿ ಇಡೀ ಸಂಸ್ಥೆಯೇ ಇದ್ದರೂ ಇವರಿಗೆ ಜಾಗ ಇರಲಿಲ್ಲ. ಅಲ್ಲಿ ಒಂದೇ ಮೇಜಿನಲ್ಲಿ ಇಬ್ಬರಿಗೆ ಜಾಗವಾಯಿತು.

ರಿಕ್ಟರ್ ಬೇರೆ ಕಡೆ ಹೋದ ಮೇಲೆ ಕಮಲಾ ರಾಬಿನ್ ಹಿಲ್ ಅವರ ಜೊತೆ ಸಸ್ಯಗಳ ಮೇಲೆ ಕೆಲಸ ಮಾಡಿದರು. ಕೈಗೆತ್ತಿಕೊಂಡದ್ದು ಆಲೂಗಡ್ಡೆ. ಅದರ ಜೀವಕೋಶಗಳಲ್ಲಿ ಸೈಟೋಕ್ರೋಮ್ ಸಿ ಎಂಬ ವಸ್ತು ಇದೆ, ಸಸ್ಯಗಳ ಉಸಿರಾಟದಲ್ಲಿ ಅದಕ್ಕೆ ಪಾತ್ರವಿದೆ ಎಂದು ತೋರಿಸಿದರು.

ಹಾಗಂದರೇನು? ಹತ್ತನೇ ತರಗತಿಯ ಮಕ್ಕಳು ಉಸಿರಾಟದ ಪಾಠ ಓದಿದ್ದೀರಿ. ಉಸಿರಾಟ ಅಂದರೆ ಮೂಗಿನಲ್ಲಿ ಗಾಳಿ ಎಳೆಯುವುದಷ್ಟೇ ಅಲ್ಲ, ನಿಜವಾದ ಉಸಿರಾಟ ಜೀವಕೋಶದ ಒಳಗೆ. ಆಹಾರದಿಂದ ಬಿಡುಗಡೆಯಾದ ಎಲೆಕ್ಟ್ರಾನುಗಳು ಕೊನೆಗೆ ಆಮ್ಲಜನಕವನ್ನು ಸೇರಬೇಕು. ಒಮ್ಮೆಗೇ ಸೇರಿದರೆ ಬೆಂಕಿ ಹತ್ತಿದ ಹಾಗೆ, ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಅದಕ್ಕೆ ದೇಹ ಒಂದು ಉಪಾಯ ಮಾಡಿದೆ. ಮನೆ ಕಟ್ಟುವಾಗ ಇಟ್ಟಿಗೆಯನ್ನು ಲಾರಿಯಿಂದ ಗೋಡೆಯವರೆಗೆ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತೇವಲ್ಲ, ಹಾಗೆ. ಒಂದೊಂದು ಕೈ ದಾಟುವಾಗಲೂ ಸ್ವಲ್ಪ ಸ್ವಲ್ಪ ಶಕ್ತಿ ಬಿಡುಗಡೆಯಾಗುತ್ತದೆ, ಅದನ್ನು ಜೀವಕೋಶ ಹಿಡಿದಿಟ್ಟುಕೊಳ್ಳುತ್ತದೆ. ಆ ಸಾಲಿನಲ್ಲಿ ಕೊನೆಯ ಹತ್ತಿರ ನಿಂತಿರುವ ಒಂದು ಕೈ ಸೈಟೋಕ್ರೋಮ್ ಸಿ. ಅದರ ನಡುವೆ ಒಂದು ಕಬ್ಬಿಣದ ಪರಮಾಣು ಕೂತಿದೆ. ಎಲೆಕ್ಟ್ರಾನನ್ನು ಹಿಡಿಯುವುದೂ ಬಿಡುವುದೂ ಆ ಕಬ್ಬಿಣದ ಕೆಲಸ. ನಮ್ಮ ಮೈಯಲ್ಲೂ ಅದೇ ಇದೆ, ಎತ್ತಿನಲ್ಲೂ ಇದೆ, ಆಲೂಗಡ್ಡೆಯಲ್ಲೂ ಇದೆ. ಮಣ್ಣಿನ ಕೆಳಗೆ ಸುಮ್ಮನೆ ಮಲಗಿರುವ ಗೆಡ್ಡೆಯೂ ನಮ್ಮ ಹಾಗೆಯೇ ಉಸಿರಾಡುತ್ತದೆ ಅನ್ನುವುದು ಸಣ್ಣ ಮಾತಲ್ಲ.

ಈ ಸಂಶೋಧನೆಯನ್ನು ಒಂದು ಪ್ರಬಂಧವಾಗಿ ಬರೆದು ಕೊಟ್ಟರು. ಎಷ್ಟು ಪುಟ? ನಲವತ್ತು. ಇವತ್ತು ನಮ್ಮ ಕಡೆ ಮುನ್ನೂರು ಪುಟಕ್ಕಿಂತ ಕಡಿಮೆ ಇದ್ದರೆ ಪಿಎಚ್.ಡಿ.ಯೇ ಅಲ್ಲ ಅನ್ನುವವರಿದ್ದಾರೆ. ಒಂದೂವರೆ ವರ್ಷ ತುಂಬುವ ಮೊದಲೇ ಕೆಲಸ ಮುಗಿಯಿತು. 1939ರಲ್ಲಿ ಡಾ. ಕಮಲಾ ಭಾಗವತ್ ಆಗಿ ಭಾರತಕ್ಕೆ ಮರಳಿದರು. ಹೊರದೇಶದಲ್ಲಿ ಉಳಿಯಬಹುದಿತ್ತು, ಉಳಿಯಲಿಲ್ಲ.

ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾದರು. ಆಮೇಲೆ ನೀಲಗಿರಿಯ ಕೂನೂರಿನಲ್ಲಿ ಪೌಷ್ಟಿಕ ಆಹಾರ ಸಂಶೋಧನಾಲಯದ ಸಹಾಯಕ ನಿರ್ದೇಶಕಿಯಾಗಿ ವಿಟಮಿನ್‌ಗಳ ಮೇಲೆ ಕೆಲಸ ಮಾಡಿದರು. 1947ರಲ್ಲಿ ಎಂ.ವಿ. ಸೊಹೊನಿಯವರನ್ನು ಮದುವೆಯಾಗಿ ಮುಂಬಯಿಗೆ ಬಂದರು. ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕಿ. ಮದುವೆಯಾದ ಮೇಲೆ ಓದು, ಕೆಲಸ ಎಲ್ಲ ಮುಗಿಯಿತು ಅನ್ನುವ ತಾಯಂದಿರು ಇದನ್ನು ಗಮನಿಸಬೇಕು. ಅವರ ಬಹುಪಾಲು ಸಂಶೋಧನೆ ಮದುವೆಯ ನಂತರದ್ದೇ.

ಮುಂಬಯಿಯಲ್ಲಿ ಅವರು ಮಾಡಿದ ಎರಡು ಕೆಲಸಗಳನ್ನು ನಮ್ಮೂರಿನವರಿಗೆ ಹೇಳಲೇಬೇಕು.

ಒಂದು ನೀರಾ. ತಾಳೆ, ಈಚಲು ಮರಗಳಿಂದ ಬೆಳಗಿನ ಜಾವ ಇಳಿಸುವ ಸಿಹಿ ರಸ. ಹೊತ್ತೇರಿದರೆ ಹುಳಿ ಹಿಡಿದು ಹೆಂಡವಾಗುತ್ತದೆ. ಹುಳಿ ಹಿಡಿಯುವ ಮೊದಲು ಅದು ಒಳ್ಳೆಯ ಪಾನೀಯ. ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದ್ ಅವರ ಸಲಹೆಯ ಮೇಲೆ ಕಮಲಾ ಇದನ್ನು ಕೈಗೆತ್ತಿಕೊಂಡರು. ನೀರಾದಲ್ಲೂ ತಾಳೆಬೆಲ್ಲದಲ್ಲೂ ವಿಟಮಿನ್‌ಗಳಿವೆ, ಕಬ್ಬಿಣದ ಅಂಶವಿದೆ ಎಂದು ಅವರ ತಂಡ ಕಂಡುಕೊಂಡಿತು. ಅರೆಹೊಟ್ಟೆಯ ಆದಿವಾಸಿ ಮಕ್ಕಳಿಗೆ, ಬಸುರಿಯರಿಗೆ ಕುಡಿಸಿ ನೋಡಿದಾಗ ಆರೋಗ್ಯ ಸುಧಾರಿಸಿತು. ಈ ಕೆಲಸಕ್ಕೆ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ಬಂತು.

ಇನ್ನೊಂದು ನಮ್ಮ ಅವರೆಕಾಳು. ಹೌದು, ಹಿದುಕಿದ ಬೇಳೆ ಸಾರು ಮಾಡುವ ಅದೇ ಅವರೆ! ನಮ್ಮ ಕರುಳಿನಲ್ಲಿ ಪ್ರೋಟೀನನ್ನು ತುಂಡು ಮಾಡುವ ಕತ್ತರಿಯಂಥ ಒಂದು ಕಿಣ್ವ ಇದೆ, ಅದರ ಹೆಸರು ಟ್ರಿಪ್ಸಿನ್. ಹಸಿ ಕಾಳಿನೊಳಗೆ ಈ ಕತ್ತರಿಗೆ ಸಿಕ್ಕಿಹಾಕಿಕೊಂಡು ಅದನ್ನು ಕೆಲಸ ಮಾಡದ ಹಾಗೆ ಹಿಡಿಯುವ ಒಂದು ವಸ್ತು ಇರುತ್ತದೆ. ಅವರೆ ಮತ್ತು ಡಬಲ್ ಬೀನ್ಸ್‌ನಿಂದ ಆ ವಸ್ತುವನ್ನು ಬೇರ್ಪಡಿಸಿ, ಹರಳಿನ ರೂಪದಲ್ಲಿ ಶುದ್ಧವಾಗಿ ತೆಗೆದದ್ದು ಕಮಲಾ ಮತ್ತು ಅವರ ಶಿಷ್ಯರು. 1955ರಲ್ಲಿ ಜಗತ್ಪ್ರಸಿದ್ಧ ‘ನೇಚರ್’ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಚೆನ್ನಾಗಿ ಬೇಯಿಸಿದರೆ ಆ ವಸ್ತುವಿನ ಬಹುಪಾಲು ನಾಶವಾಗುತ್ತದೆ, ಕಾಳು ಮೈಗೆ ಹತ್ತುತ್ತದೆ. ‘ಅರೆಬೆಂದ ಕಾಳು ತಿನ್ನಬೇಡ, ಹೊಟ್ಟೆ ಕೆಡುತ್ತೆ’ ಎಂದು ನಮ್ಮ ಅವ್ವ ಬೈಯುತ್ತಿದ್ದಳಲ್ಲ, ಅದರ ಹಿಂದೆ ಇಂಥದೊಂದು ಕಾರಣವಿತ್ತು. ಅವ್ವನಿಗೆ ಗೊತ್ತಿದ್ದದ್ದು ಅನುಭವ, ಕಮಲಾ ಅವರು ತೋರಿಸಿದ್ದು ಕಾರಣ. ಅನುಭವಕ್ಕೆ ಕಾರಣ ಹುಡುಕುವುದೇ ವಿಜ್ಞಾನ, ಮಕ್ಕಳೇ. ಅದು ಅಡುಗೆಮನೆಯಲ್ಲೇ ಶುರುವಾಗುತ್ತದೆ. ಅಡುಗೆಮನೆಯಲ್ಲಿರುವವರನ್ನೇ ಪ್ರಯೋಗಾಲಯಕ್ಕೆ ಬಿಡುವುದಿಲ್ಲ ಅಂದರೆ ನಷ್ಟ ಯಾರಿಗೆ?

ಇಷ್ಟೆಲ್ಲ ಮಾಡಿದರೂ ತಮ್ಮ ಸಂಸ್ಥೆಯ ನಿರ್ದೇಶಕಿಯ ಕುರ್ಚಿ ಅವರಿಗೆ ಸಿಕ್ಕಿದ್ದು ತಡವಾಗಿ. ಅರ್ಹತೆಯಿದ್ದೂ ಕೆಲವು ವರ್ಷ ಕಾಯಬೇಕಾಯಿತು. ಕಾದರು, ಆದರೆ ಕೆಲಸ ನಿಲ್ಲಿಸಲಿಲ್ಲ. 1966ರಲ್ಲಿ ಮುಂಬಯಿಯ ಒಂಬತ್ತು ಮಹಿಳೆಯರು ಸೇರಿ ಕನ್ಸೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾ ಎಂಬ ಬಳಕೆದಾರರ ಸಂಘ ಕಟ್ಟಿದರು. ಕಲಬೆರಕೆ, ತೂಕದ ಮೋಸ ಇವುಗಳ ವಿರುದ್ಧ ಕೆಲಸ ಮಾಡುವ ಸಂಘ. ಕಮಲಾ ಅದರಲ್ಲಿ ಸಕ್ರಿಯರಾದರು, ಅಧ್ಯಕ್ಷೆಯೂ ಆದರು, ಅದರ ‘ಕೀಮತ್’ ಪತ್ರಿಕೆಗೆ ಜನಸಾಮಾನ್ಯರಿಗಾಗಿ ಬರೆದರು. ಕೇಂಬ್ರಿಡ್ಜ್‌ನಲ್ಲಿ ಓದಿದವರು ಅಂಗಡಿಯ ಅರಿಶಿನ, ಹಾಲಿನ ಕಲಬೆರಕೆಯ ಬಗ್ಗೆ ಯೋಚಿಸಿದರೆ ಅದು ಸಣ್ಣ ಕೆಲಸ ಎಂದು ಅವರು ತಿಳಿಯಲಿಲ್ಲ.

ಇನ್ನು ಅವರ ಕೊನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕಿಯಾಗಿದ್ದವರು ನಮ್ಮ ಮೈಸೂರಿನ ಡಾ. ಜಿ.ವಿ. ಸತ್ಯವತಿ, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಕಮಲಾ ಅವರ ಬದುಕಿನ ಕಥೆ ತಿಳಿದು, ಇಂಥವರನ್ನು ದೇಶ ಮರೆತೇಬಿಟ್ಟಿದೆಯಲ್ಲ ಎಂದು ದೆಹಲಿಗೆ ಕರೆಸಿ ಸನ್ಮಾನ ಏರ್ಪಡಿಸಿದರು. ಆ ಸಮಾರಂಭದಲ್ಲೇ ಕಮಲಾ ಕುಸಿದುಬಿದ್ದರು. ಸ್ವಲ್ಪ ದಿನದಲ್ಲೇ, 1998ರ ಜೂನ್ 28ರಂದು, ತೀರಿಕೊಂಡರು. ಸೀಟು ಕೇಳಲು ಬೆಂಗಳೂರಿನಲ್ಲಿ ಕೂತು ಅರವತ್ತೈದು ವರ್ಷವಾಗಿತ್ತು. ಸನ್ಮಾನ ಬಂದದ್ದು ಅಷ್ಟು ತಡವಾಗಿ. ಆದರೆ ಅದನ್ನು ಕೊಟ್ಟ ಕೈ, ಅವರು ತೆರೆದ ದಾರಿಯಲ್ಲಿ ನಡೆದು ಬಂದ ಇನ್ನೊಬ್ಬ ಹೆಣ್ಣಿನದು.

ಇಲ್ಲಿಗೆ ಭಾಷಣ ಮುಗಿಸಿದರೆ ನೀವು ಚಪ್ಪಾಳೆ ತಟ್ಟುತ್ತೀರಿ, ನಾನು ಶಾಲು ಹೊದ್ದು ಮನೆಗೆ ಹೋಗಬಹುದು. ಆದರೆ ಒಂದು ಮಾತು ಎಷ್ಟೋ ವರ್ಷದಿಂದ ನನ್ನ ಗಂಟಲಲ್ಲಿ ಉಳಿದಿದೆ. ನನ್ನ ಶಾಲೆಯ ಅಂಗಳದಲ್ಲಿ ಹೇಳದೆ ಇನ್ನೆಲ್ಲಿ ಹೇಳಲಿ?

ಸುಮಾರು ಇಪ್ಪತ್ತೈದು ವರ್ಷದ ಹಿಂದೆ ನಾನು ಪಿಯು ಕಾಲೇಜೊಂದರಲ್ಲಿ ಉಪನ್ಯಾಸಕಿ. ಜೂನ್ ತಿಂಗಳಲ್ಲಿ ಅಡ್ಮಿಷನ್ ಸಮಿತಿಯಲ್ಲಿ ಕೂತಿದ್ದೆ. ಒಬ್ಬ ಹುಡುಗಿ ಅಪ್ಪನ ಜೊತೆ ಬಂದಳು. ಇದೇ ಶಾಲೆಯ ಹುಡುಗಿ, ನಮ್ಮೂರಿನವಳೇ. ವಿಜ್ಞಾನದಲ್ಲಿ ಒಳ್ಳೆಯ ಅಂಕ. ‘ಸೈನ್ಸ್ ಬೇಕು ಮೇಡಂ’ ಅಂದಳು. ನಾನು ಕೇಳಿದೆ, ‘ಪ್ರಾಕ್ಟಿಕಲ್ ಮುಗಿಯೋದು ಐದೂವರೆ. ನಿಮ್ಮೂರಿಗೆ ಕೊನೇ ಬಸ್ಸು ಐದಕ್ಕೆ. ಹೇಗಮ್ಮ ಹೋಗ್ತೀಯ?’ ಅವಳು ಸುಮ್ಮನೆ ನಿಂತಳು. ‘ಹೆಣ್ಣುಮಗು, ಕತ್ತಲಲ್ಲಿ ಓಡಾಡೋದು ಬೇಡ. ಆರ್ಟ್ಸ್ ತಗೋ, ಟೀಚರ್ ಆಗ್ಬೋದು’ ಅಂದೆ. ಅಪ್ಪ, ‘ಮೇಡಂ ಹೇಳೋದು ಸರಿ ಐತೆ ಕಣವ್ವ’ ಅಂದರು. ಅವಳು ಅಳಲಿಲ್ಲ. ಫಾರಂನಲ್ಲಿ ಬರೆದಿದ್ದ ‘ವಿಜ್ಞಾನ’ ಎಂಬುದನ್ನು ತಾನೇ ಗೀಟು ಹಾಕಿ ತೆಗೆದು, ಮೇಲೆ ‘ಕಲಾ’ ಎಂದು ಬರೆದಳು. ಒಂದೇ ವರ್ಷ ಕಾಲೇಜಿಗೆ ಬಂದಳು. ಆಮೇಲೆ ಮದುವೆಯಾಯಿತು ಅಂತ ಗೊತ್ತಾಯಿತು.

ನಾನು ಅವಳಿಗೆ ಕೇಡು ಬಯಸಿರಲಿಲ್ಲ. ಪ್ರೀತಿಯಿಂದಲೇ ಹೇಳಿದೆ. ಕಮಲಾ ಅವರ ಕಥೆಯನ್ನು ಮೊದಲ ಸಲ ಓದಿದಾಗ, ರಾಮನ್ ಅವರ ಮೇಲೆ ನನಗೆ ಸಿಟ್ಟು ಬಂತು. ಪುಸ್ತಕ ಮಡಿಸಿಟ್ಟ ಮೇಲೆ ಆ ಹುಡುಗಿ ಗೀಟು ಹಾಕಿದ್ದು ಕಣ್ಣಿಗೆ ಕಟ್ಟಿತು. ರಾಮನ್ ಒಬ್ಬ ಹುಡುಗಿಗೆ ‘ಆಗಲ್ಲ’ ಅಂದರು. ಅವಳು ಕಾರಣ ಕೇಳಿದಾಗ ಕೊನೆಗೆ ತಿದ್ದಿಕೊಂಡರು. ನಾನು ಒಳ್ಳೆಯ ಮಾತಿನಲ್ಲೇ ಬಾಗಿಲು ಹಾಕಿದೆ. ಅವಳಿಗೆ ಕಾರಣ ಕೇಳುವುದಕ್ಕೂ ಆಗಲಿಲ್ಲ, ಯಾಕೆಂದರೆ ನನ್ನ ಹತ್ತಿರ ಕಾರಣ ಇತ್ತಲ್ಲ, ಬಸ್ಸು! ಬಸ್ಸಿನ ಹೊತ್ತು ಬದಲಾಯಿಸಿ ಎಂದು ಡಿಪೋಗೆ ಒಂದು ಅರ್ಜಿ ಬರೆಯಬಹುದಿತ್ತು. ಪ್ರಾಕ್ಟಿಕಲನ್ನು ಬೆಳಗ್ಗೆಗೆ ಹಾಕಿಸಬಹುದಿತ್ತು. ವಾರದಲ್ಲಿ ಎರಡು ದಿನ ಅವಳನ್ನು ನಮ್ಮ ಮನೆಯಲ್ಲೇ ಇರಿಸಿಕೊಳ್ಳಬಹುದಿತ್ತು. ಯಾವುದೂ ನನಗೆ ಹೊಳೆಯಲಿಲ್ಲ. ಹುಡುಗಿಯನ್ನು ಬದಲಾಯಿಸುವುದು ಬಸ್ಸನ್ನು ಬದಲಾಯಿಸುವುದಕ್ಕಿಂತ ಸುಲಭ ಅನ್ನಿಸಿತು.

ಆ ತಾಯಿ ಇವತ್ತು ಈ ಸಭೆಯಲ್ಲಿ ಇದ್ದರೂ ಇರಬಹುದು. ಹೆಸರು ಹೇಳುವುದಿಲ್ಲ. ಅವ್ವ, ನೀನು ಇಲ್ಲಿದ್ದರೆ, ನನ್ನಿಂದ ತಪ್ಪಾಯಿತು. ಇಷ್ಟು ಜನರ ಮುಂದೆ ಕ್ಷಮೆ ಕೇಳುತ್ತೇನೆ.

ಕ್ಷಮೆ ಕೇಳಿದರೆ ಸಾಲದು, ಏನಾದರೂ ಮಾಡಬೇಕು. ಅದಕ್ಕೆ ಮೂರು ಮಾತು.

ಶಿಕ್ಷಕರಿಗೆ: ನೆನ್ನೆ ಶಾಲೆ ಸುತ್ತಿ ನೋಡಿದೆ. ಕಟ್ಟಡ ಹೊಸದು, ಪ್ರಯೋಗಾಲಯಕ್ಕೆ ಬೇರೆ ಕೋಣೆಯೇ ಇದೆ, ಸಂತೋಷವಾಯಿತು. ಬೀರುಗಳು ಗಾಜಿನವು, ಆದರೆ ಬೀಗ ಇನ್ನೂ ಇದೆ. ದಯವಿಟ್ಟು ತೆಗೆಯಿರಿ. ಒಡೆದರೆ ಒಡೆಯಲಿ, ಒಡೆದದ್ದಕ್ಕೆ ಹಳೆಯ ವಿದ್ಯಾರ್ಥಿಗಳು ನಾವಿದ್ದೇವೆ. ಮಕ್ಕಳ ಕೈಗೆ ಪ್ರನಾಳ ಕೊಡಿ, ಹುಡುಗಿಯರಿಗೆ ಮೊದಲು ಕೊಡಿ. ಹಾಲಿಗೆ ಹಿಟ್ಟು ಬೆರೆಸಿದ್ದಾರೋ ಇಲ್ಲವೋ ನೋಡಲು ಎರಡು ಹನಿ ಅಯೋಡಿನ್ ಸಾಕು, ಹಿಟ್ಟಿದ್ದರೆ ನೀಲಿಯಾಗುತ್ತದೆ. ಮಕ್ಕಳು ತಮ್ಮ ಮನೆಯ ಹಾಲು ತಂದು ನೋಡಲಿ. ಮುಂದಿನ ತಿಂಗಳಿಂದ ಪ್ರತಿ ಶನಿವಾರ ನಾನು ಬರುತ್ತೇನೆ. ಸಂಬಳ ಬೇಡ, ಒಂದು ಲೋಟ ಚಹಾ ಕೊಡಿ ಸಾಕು.

ನನ್ನ ಹಳೆಯ ಸಹಪಾಠಿಗಳಿಗೆ: ಕಮಾನು, ಕಲ್ಲಿನ ಫಲಕ ಎಲ್ಲ ಚೆನ್ನಾಗಿದೆ. ಉಳಿದ ಹಣವನ್ನು ಪಿಯುಸಿ ವಿಜ್ಞಾನಕ್ಕೆ ಸೇರುವ ನಮ್ಮ ಶಾಲೆಯ ಹೆಣ್ಣುಮಕ್ಕಳ ಹಾಸ್ಟೆಲ್ ಖರ್ಚಿಗೆ, ಓಡಾಟಕ್ಕೆ ಮೀಸಲಿಡೋಣ. ಸಂಜೆ ಆರು ಗಂಟೆಗೆ ತಾಲ್ಲೂಕಿನಿಂದ ಒಂದು ಬಸ್ಸು ಬೇಕು ಎಂದು ಬರೆದ ಅರ್ಜಿ ನನ್ನ ಕೈಚೀಲದಲ್ಲೇ ಇದೆ. ಊಟಕ್ಕೆ ಹೋಗುವ ಮೊದಲು ಎಲ್ಲರೂ ಸಹಿ ಹಾಕಿ. ಒಂದು ಅರ್ಜಿಗೆ ಬಸ್ಸು ಬರದಿದ್ದರೆ ಹತ್ತು ಅರ್ಜಿ ಕೊಡೋಣ, ಅದಕ್ಕೂ ಬರದಿದ್ದರೆ ಡಿಪೋ ಮುಂದೆ ಕೂರೋಣ. ಕೂರುವುದು ಹೇಗೆ ಅಂತ ಕಮಲಾ ಅವರು ತೋರಿಸಿಕೊಟ್ಟಿದ್ದಾರೆ.

ಅಪ್ಪ ಅವ್ವಂದಿರಿಗೆ: ಮಗಳು ಏನಾದರೂ ಓದುತ್ತೇನೆ ಅಂದಾಗ ‘ಬೇಡ’ ಅನ್ನುವ ಮುಂಚೆ ಒಂದು ರಾತ್ರಿ ಯೋಚನೆ ಮಾಡಿ. ಕಷ್ಟ ಯಾವುದು ಅಂತ ಬಾಯಿಬಿಟ್ಟು ಹೇಳಿ. ದುಡ್ಡೋ, ಬಸ್ಸೋ, ನೆಂಟರ ಮಾತೋ? ಹೇಳಿದರೆ ದಾರಿ ಹುಡುಕಬಹುದು. ‘ಹೆಣ್ಣು’ ಅನ್ನುವುದೊಂದೇ ಕಾರಣವಾದರೆ ಅದಕ್ಕೆ ದಾರಿ ನಿಮ್ಮ ಮನಸ್ಸಿನಲ್ಲೇ ಇದೆ.

ಇನ್ನು ಮಕ್ಕಳೇ, ನಿಮಗೆ ಉಪದೇಶ ಬೇಡ. ಈಗಾಗಲೇ ಬಿಸಿಲೂ ಸಾಕಾಗಿದೆ, ಭಾಷಣವೂ ಸಾಕಾಗಿದೆ. ಒಂದು ಮಾತು ನೆನಪಿಡಿ. ಯಾರಾದರೂ, ಎಷ್ಟೇ ದೊಡ್ಡವರಾಗಿರಲಿ, ‘ನಿನ್ನಿಂದ ಆಗಲ್ಲ’ ಅಂದರೆ ಮರ್ಯಾದೆಯಿಂದಲೇ ‘ಯಾಕೆ?’ ಎಂದು ಕೇಳಿ. ಹೇಳಿದ ಕಾರಣ ಸರಿಯಿದ್ದರೆ ಒಪ್ಪಿಕೊಳ್ಳಿ. ಸರಿಯಿಲ್ಲದಿದ್ದರೆ ಅಲ್ಲೇ ಕೂತುಕೊಳ್ಳಿ.

ಮುಖ್ಯೋಪಾಧ್ಯಾಯರೇ, ರಾಮನ್ ಅವರ ಫೋಟೋ ಪಕ್ಕದಲ್ಲಿ ಹಾಕಲು ಕಮಲಾ ಸೊಹೊನಿಯವರ ಫೋಟೋ ಕಟ್ಟು ಹಾಕಿಸಿ ತಂದಿದ್ದೇನೆ. ಪಕ್ಕದಲ್ಲೇ ಇರಲಿ. ಇಬ್ಬರೂ ನಮ್ಮವರೇ. ಮೊಳೆ ಹೊಡೆಯುವುದಕ್ಕೆ ಹತ್ತನೇ ತರಗತಿಯ ಒಬ್ಬ ಹುಡುಗಿಯನ್ನು ಕಳಿಸಿ.